ಕ್ಷಮಿಸಲು ಕೇಕು ಹಿಡಿದು ಹೋದ ಕಥೆ

ನಮ್ಮ ಚರ್ಚ್ ಸಭೆಯ ಹುಡುಗಿಯೊಬ್ಬಳಿಗೆ ಹೋದ ತಿಂಗಳು ಬಣ್ಣದ ಕಂಪನಿಯೊಂದರ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಆರಾಧನೆ ಮುಗಿದ ಮೇಲೆ ನನ್ನ ಹತ್ತಿರ ಬಂದು, "ಅಂಕಲ್, ಆಪ್ ಭೀ ಯಹೀ ಕಾಮ್ ಕರ್ತೇ ಥೇ ನಾ? ಮೊದ್ಲು ಏನ್ ಕಲೀಬೇಕು?" ಎಂದು, ನೀವೂ ಇದೇ ಕೆಲಸದಲ್ಲಿದ್ದಿರಲ್ಲವೇ ಎಂಬುದನ್ನು ಹಿಂದಿಯಲ್ಲೂ ಉಳಿದದ್ದನ್ನು ಕನ್ನಡದಲ್ಲೂ ಕೇಳಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಹೆಂಡತಿ ಸುಶೀಲಾ, "ಇವರನ್ನು ಕೇಳ್ಬೇಡ ಮಗಾ, ನಾಲ್ಕು ಗಂಟೆ ಬಿಡುದಿಲ್ಲ" ಎಂದು ಅವಳನ್ನು ಎಳೆದುಕೊಂಡು ಹೋದಳು. ಅಂದು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬರೆಯುವವನನ್ನು ಯಾರೂ ತೋಳು ಹಿಡಿದು ಎಳೆಯುವುದಿಲ್ಲ.

ನಾನು ಮುಂಬಯಿ ಪಕ್ಕದ ಡೊಂಬಿವಲಿಯಲ್ಲಿ, ಎಂಐಡಿಸಿ ಎಂಬ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಶೇಡ್ ನೋಡುವವನಾಗಿದ್ದೆ. ಬಡ್ತಿಯ ಸಂಗತಿ ಬರೆಯುವುದಿಲ್ಲ. ಬಂದದ್ದೇ ಎರಡು, ಎರಡೂ ಸಲ ಮೇಲಿನವರು ಕೆಲಸ ಬಿಟ್ಟು ಹೋದದ್ದರಿಂದ ಬಂದವು. ನಾವು ಮಾಡುತ್ತಿದ್ದುದು ಬಟ್ಟೆಗೆ ಹಾಕುವ ಬಣ್ಣದ ಪುಡಿ. ಒಂದೊಂದು ಲಾಟ್ ತಯಾರಾದಾಗಲೂ ಅದರಿಂದ ಒಂದು ಚಿಟಿಕೆ ತೆಗೆದು ಅಂಗೈಯಗಲದ ಬಿಳಿ ಬಟ್ಟೆಗೆ ಬಣ್ಣ ಹಾಕಬೇಕು. ಬಾಟಲಿಯಲ್ಲಿ ಜೋಪಾನವಾಗಿಟ್ಟ ಮಾದರಿ ಪುಡಿಯಿಂದ ಇನ್ನೊಂದು ತುಂಡಿಗೆ ಹಾಕಬೇಕು. ಎರಡನ್ನೂ ಒಣಗಿಸಿ ಅಕ್ಕಪಕ್ಕ ಹಿಡಿದು ನೋಡಬೇಕು. ಎರಡೂ ಒಂದೇ ಇದ್ದರೆ ರಿಜಿಸ್ಟರಿನಲ್ಲಿ 'ಪಾಸ್' ಎಂದು ಬರೆದು ನಮ್ಮ ಹೆಸರಿನ ಮೊದಲ ಅಕ್ಷರ ಹಾಕಬೇಕು. ನನ್ನ ಹೆಸರು ದಾನಿಯೇಲ, ನನ್ನ ಅಕ್ಷರ 'ಡಿ'. ಆ 'ಡಿ' ಬಿದ್ದ ಮೇಲೆಯೇ ಡ್ರಮ್ಮು ತುಂಬುವುದು, ಲಾರಿ ಹೊರಡುವುದು. ಕೆಲಸ ಇಷ್ಟೇ. ಇಷ್ಟರಲ್ಲೇ ಎಷ್ಟು ಬಗೆಯಾಗಿ ತಪ್ಪಬಹುದು ಎಂಬುದನ್ನು ನಾನು ಮಾಡಿ ತೋರಿಸಿದ್ದೇನೆ.

ಮೊದಲನೆಯ ತಪ್ಪು ಮೊದಲನೆಯ ಮಳೆಗಾಲದಲ್ಲಿ ಆಯಿತು. ನಮ್ಮ ಲ್ಯಾಬಿಗೆ ಉತ್ತರಕ್ಕೆ ಒಂದು ದೊಡ್ಡ ಕಿಟಕಿ ಇತ್ತು. ಬಣ್ಣ ನೋಡುವುದು ಅಲ್ಲಿಯೇ ಎಂದು ನಿಯಮ. ಆ ದಿನ ಮಟಮಟ ಮಧ್ಯಾಹ್ನವೇ ಮೋಡ ಕವಿದು ಕತ್ತಲಾಗಿತ್ತು. ಹೊರಗೆ ಲಾರಿಯವನು ಹಾರ್ನ್ ಒತ್ತುತ್ತಿದ್ದ. ನಾನು ಟ್ಯೂಬ್‌ಲೈಟಿನ ಕೆಳಗೆ ಎರಡು ತುಂಡು ಹಿಡಿದು ನೋಡಿದೆ, ಎರಡೂ ಒಂದೇ ನೀಲಿ. ಪಾಸ್ ಮಾಡಿ 'ಡಿ' ಹಾಕಿದೆ. ಹತ್ತು ದಿನದ ಮೇಲೆ ಮಾಲು ತುರ್ಭೆಯ ಬಟ್ಟೆ ಕಾರ್ಖಾನೆಯಿಂದ ವಾಪಸು ಬಂತು. ನಮ್ಮ ಲ್ಯಾಬಿನ ಮುಖ್ಯಸ್ಥರು ಲೇಲೆ ಸಾಹೇಬರು. ಸೈಕಲ್ಲಿನಲ್ಲಿ ಬರುವವರು, ಸಿಟ್ಟು ಬಂದರೆ ಬೈಯದೆ ಮೊಣಕೈ ಹಿಡಿಯುವವರು. ನನ್ನ ಮೊಣಕೈ ಹಿಡಿದು ಅಂಗಳಕ್ಕೆ ಕರೆದುಕೊಂಡು ಹೋಗಿ ಅದೇ ಎರಡು ತುಂಡುಗಳನ್ನು ಬಿಸಿಲಿಗೆ ಹಿಡಿದರು. ಒಂದು ನೀಲಿ, ಇನ್ನೊಂದು ನೇರಳೆ. "ಟ್ಯೂಬ್‌ಲೈಟ್ ಖೋಟಂ ಬೋಲತೇ, ಡ್ಯಾನಿಯಲ್" ಎಂದರು. ಟ್ಯೂಬ್‌ಲೈಟು ಸುಳ್ಳು ಹೇಳುತ್ತದೆ ಎಂಬ ಆ ಮಾತನ್ನು ನಾನು ಹತ್ತು ಆಜ್ಞೆಗಳ ಜೊತೆ ಹನ್ನೊಂದನೆಯದಾಗಿ ಸೇರಿಸಿಕೊಂಡೆ.

ಈ ಕೆಲಸಕ್ಕೆ ಬರುವವರು ಬಿಳಿ ಬಟ್ಟೆಯ ಆಸೆ ಬಿಡಬೇಕು. ಪುಡಿ ಎಲ್ಲಿ ಕೂತಿದೆ ಎಂಬುದು ಬೆವರುವವರೆಗೆ ಗೊತ್ತಾಗುವುದಿಲ್ಲ. ಸಂಜೆ ಮನೆಗೆ ಹೋಗುವ ಕಲ್ಯಾಣದ ಲೋಕಲ್ ರೈಲಿನಲ್ಲಿ ನನ್ನ ಕುತ್ತಿಗೆಯಿಂದ ಗುಲಾಬಿ ಬೆವರು ಇಳಿಯುವಾಗ ಜನ ತಾವಾಗಿಯೇ ಒಂದು ಗೇಣು ಸರಿದು ಜಾಗ ಕೊಡುತ್ತಿದ್ದರು. ಆ ಗಾಡಿಯಲ್ಲಿ ಒಂದು ಗೇಣು ಜಾಗವೆಂದರೆ ಅರಮನೆ. ಭಾನುವಾರದ ಪಾಡು ಬೇರೆ. ಠಾಣೆ ಎಂಬ ಊರಿನ ಒಂದು ಮರಾಠಿ ಸಭೆಯವರು ತಮ್ಮ ದೇವಾಲಯವನ್ನು ಮಧ್ಯಾಹ್ನದ ಹೊತ್ತು ನಮ್ಮ ಕನ್ನಡದವರ ಆರಾಧನೆಗೆ ಬಿಟ್ಟುಕೊಡುತ್ತಿದ್ದರು. ಸೇರುತ್ತಿದ್ದವರು ನಲವತ್ತು ಮನೆಯವರು. ನಾವು ಕೆಲವರು ಗದಗ-ಬೆಟಗೇರಿ ಕಡೆಯವರು, ಉಳಿದವರು ಉಡುಪಿ, ಮಂಗಳೂರಿನವರು. ಸುಶೀಲಾ ಕೂಡ ಉಡುಪಿಯವಳೇ. ನಮ್ಮ ಸಭಾಪಾಲಕರು ಅಲ್ಲೇ ಕೋಪರಿಯಲ್ಲಿ ಒಂದು ಕೋಣೆಯ ಮನೆಯಲ್ಲಿದ್ದರು. ಅವರನ್ನು ಎಲ್ಲರೂ ಅಯ್ಯನವರು ಎನ್ನುತ್ತಿದ್ದೆವು. ಆರಾಧನೆಯ ಕೊನೆಗೆ ಅವರು ಬಾಗಿಲಲ್ಲಿ ನಿಂತು ಎಲ್ಲರ ಕೈ ಕುಲುಕುವಾಗ ನನ್ನ ಸರದಿ ಬಂದರೆ ಬಿಳಿ ನಿಲುವಂಗಿಯ ತೋಳನ್ನು ಮೆಲ್ಲಗೆ ಮೇಲಕ್ಕೆ ಎಳೆದುಕೊಳ್ಳುತ್ತಿದ್ದರು.

ಇನ್ನು ಬಸವರಾಜನ ವಿಷಯ. ಇಂಡಿ ಕಡೆಯ ಹಳ್ಳಿಯವನು, ನನಗಿಂತ ಆರು ವರ್ಷ ಚಿಕ್ಕವನು. ನಮ್ಮ ಗೋದಾಮಿನಲ್ಲಿ ಡ್ರಮ್ಮು ಹೊರುತ್ತಿದ್ದ. ಒಂದು ದಿನ ನೆಲಕ್ಕೆ ಚೆಲ್ಲಿದ ಪುಡಿಯನ್ನು ನೋಡಿ, "ದಾನೇಲಣ್ಣ, ಈ ಡ್ರಮ್ಮಿಂದು ಆ ಡ್ರಮ್ಮಿನಕಿಂತ ಚೂರು ಮಬ್ಬ ಐತಿ ನೋಡ್ರಿ" ಎಂದ. ನಾನು ನಕ್ಕೆ. ಆಮೇಲೆ ಪರೀಕ್ಷೆ ಮಾಡಿ ನೋಡಿದರೆ ಅವನು ಹೇಳಿದ್ದೇ ನಿಜ! ಲೇಲೆ ಸಾಹೇಬರ ಬೆನ್ನು ಹತ್ತಿ ಅವನನ್ನು ಲ್ಯಾಬಿಗೆ ಹಾಕಿಸಿಕೊಂಡೆ. ಎರಡೇ ವರ್ಷದಲ್ಲಿ ಅವನ ಕಣ್ಣು ನನ್ನ ಕಣ್ಣನ್ನು ಮೀರಿಸಿತು. ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಉಣ್ಣುತ್ತಿದ್ದೆವು. ಅವನ ಡಬ್ಬಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ. ನನ್ನ ಡಬ್ಬಿಯಲ್ಲಿ ಉಡುಪಿಯವಳ ಮೀನಿನ ಸಾರು. ಮೀನಿನ ವಾಸನೆ ಕಂಡರಾಗದ ಮನುಷ್ಯ, ಗಾಳಿ ಯಾವ ಕಡೆಯಿಂದ ಬರುತ್ತಿದೆ ಎಂದು ನೋಡಿಕೊಂಡು ನನ್ನ ಪಕ್ಕದಲ್ಲೇ ಕೂರುತ್ತಿದ್ದ. ಹತ್ತು ವರ್ಷ ಹಾಗೆ ಕೂತ.

ಪಾಸ್ ಮಾಡುವ ಅಧಿಕಾರ ಅವನಿಗೆ ಇರಲಿಲ್ಲ, ನನಗೆ ಮಾತ್ರ ಇತ್ತು. ಆದರೆ ನನ್ನ ಕೈ ಬಣ್ಣದ ನೀರಿನಲ್ಲಿದ್ದಾಗ, "ನೀನ ಬರದ ಬಿಡೋ" ಎನ್ನುತ್ತಿದ್ದೆ. ಅವನು 'ಡಿ' ಬರೆಯುತ್ತಿದ್ದ. ಕೊನೆಕೊನೆಗೆ ಅವನ 'ಡಿ' ನನ್ನ 'ಡಿ'ಗಿಂತ ಚೆನ್ನಾಗಿತ್ತು. ಕೆಲಸಕ್ಕೆ ಸೇರುವವರು ಇದನ್ನು ನೆನಪಿಡಬೇಕು: ಎಂಥ ಗೆಳೆಯನೇ ಆಗಲಿ, ನಿಮ್ಮ ಅಕ್ಷರ ನಿಮ್ಮ ಕೈಯಿಂದಲೇ ಬೀಳಲಿ.

ಆ ವರ್ಷ ಶುಭ ಶುಕ್ರವಾರಕ್ಕೆ ನಾನು ರಜೆ ಹಾಕಿದ್ದೆ. ಗುರುವಾರ ಸಂಜೆ ಹೊರಡುವಾಗ ಮರೂನ್ ಬಣ್ಣದ ಒಂದು ಲಾಟ್ ಉಳಿದಿತ್ತು. "ಶನಿವಾರ ಬಂದು ನೋಡ್ತೀನಿ, ಅಲ್ಲೀತನಾ ಮುಟ್ಟಬ್ಯಾಡ" ಎಂದು ಬಸವರಾಜನಿಗೆ ಹೇಳಿ ಹೋದೆ. ಶನಿವಾರ ಬಂದಾಗ ಲಾಟ್ ಹೋಗಿತ್ತು. ಲೇಲೆ ಸಾಹೇಬರೇ ನೋಡಿ ಕಳಿಸಿರಬೇಕೆಂದು ಸುಮ್ಮನಾದೆ. ಮೂರು ವಾರದ ಮೇಲೆ ಮಾಲು ತುರ್ಭೆಯಿಂದ ವಾಪಸು ಬಂತು. ಮರೂನ್ ಎಂದು ಹೋದದ್ದು ಬಟ್ಟೆಯ ಮೇಲೆ ಕಂದು ಬಣ್ಣವಾಗಿತ್ತು, ಕುರುಡನಿಗೂ ಕಾಣುವಷ್ಟು. ರಿಜಿಸ್ಟರು ತೆಗೆದರೆ ಗುರುವಾರದ ತಾರೀಖು, 'ಪಾಸ್', ಕೆಳಗೆ ಚೆಂದದ 'ಡಿ'.

"ನಾ ಪಾಸ್ ಮಾಡಿಲ್ಲ ಸಾಹೇಬ" ಎಂದೆ. ಸಾಹೇಬರು ಬಸವರಾಜನ ಕಡೆ ತಿರುಗಿದರು. ಅವನು ನೆಲ ನೋಡುತ್ತ, "ಡಿ ಅಂದ್ರ ದಾನೇಲಣ್ಣಂದ ಅಕ್ಷರ ಐತ್ರಿ" ಎಂದ. ಅಷ್ಟೇ. ಒಂದಕ್ಷರ ಸುಳ್ಳಿಲ್ಲದೆ ಇಷ್ಟು ದೊಡ್ಡ ಸುಳ್ಳು ಹೇಳಿದವನನ್ನು ನಾನು ಬೇರೆ ನೋಡಿಲ್ಲ. ಆ ಅಕ್ಷರವನ್ನು ಎಷ್ಟೋ ಸಲ ಅವನ ಕೈಯಲ್ಲೇ ಬರೆಸಿದ್ದೆನೆಂದು ಹೇಳಿದರೆ ಆ ತಪ್ಪೂ ನನ್ನ ತಲೆಗೇ ಬರುತ್ತಿತ್ತು. ನನ್ನನ್ನು ಗೋದಾಮಿಗೆ ಹಾಕಿದರು. ಡ್ರಮ್ಮುಗಳ ಮೇಲೆ ಬಣ್ಣದ ಹೆಸರು, ಲಾಟ್ ನಂಬರು ಬಳಿಯುವ ಕೆಲಸ. ಬಣ್ಣ ನೋಡುವ ಕೆಲಸವನ್ನು ಸಾಹೇಬರೇ ವಹಿಸಿಕೊಂಡರು. ಬಸವರಾಜ ಅವರ ಕೈಕೆಳಗೆ ಬಟ್ಟೆಗೆ ಬಣ್ಣ ಅದ್ದುತ್ತ ಉಳಿದ. ಮಧ್ಯಾಹ್ನ ನಾನು ಒಬ್ಬನೇ ಉಣ್ಣತೊಡಗಿದೆ. ಗಾಳಿ ಯಾವ ಕಡೆಯಿಂದ ಬಂದರೂ ನಡೆಯುತ್ತಿತ್ತು.

ಕೆಲಸ ಕೆಳಗಿಳಿದದ್ದು ನನ್ನನ್ನು ಅಷ್ಟು ಬಾಧಿಸಲಿಲ್ಲ. ಬಾಧಿಸಿದ್ದು ಕರ್ತನ ಭೋಜನ. ನಮ್ಮಲ್ಲಿ ತಿಂಗಳ ಮೊದಲ ಭಾನುವಾರ ರೊಟ್ಟಿ ಮತ್ತು ದ್ರಾಕ್ಷಾರಸದ ಆ ಭೋಜನ ನಡೆಯುತ್ತದೆ. ಮನಸ್ಸಿನಲ್ಲಿ ಯಾರ ಮೇಲಾದರೂ ವೈರ ಇಟ್ಟುಕೊಂಡು ಅದಕ್ಕೆ ಕೈ ಚಾಚಬಾರದು. ಮೊದಲು ಹೋಗಿ ಸಮಾಧಾನ ಮಾಡಿಕೊಂಡು ಬರಬೇಕು. ನನ್ನಪ್ಪ, ನನ್ನಜ್ಜ ಇದನ್ನು ಹಾಗೇ ನಡೆಸಿದವರು. ಅಜ್ಜನಂತೂ ಪಕ್ಕದ ಮನೆಯವರೊಂದಿಗೆ ಜಗಳವಾಡಿದರೆ ಶನಿವಾರ ಸಂಜೆಯೊಳಗೆ ರಾಜಿಯಾಗಿ, ಸೋಮವಾರ ಮತ್ತೆ ಶುರುಮಾಡುತ್ತಿದ್ದರಂತೆ. ನನ್ನಿಂದ ಅದೂ ಆಗಲಿಲ್ಲ. ಬಸವರಾಜನ ಹೆಸರು ನೆನಪಾದರೆ ಎದೆಯಲ್ಲಿ ಬೆಂಕಿ ಏಳುತ್ತಿತ್ತು.

ಆದರೆ ನಲವತ್ತು ಮನೆಯ ಸಭೆಯಲ್ಲಿ ಒಬ್ಬನು ಏಳದೆ ಕುಳಿತರೆ ನೂರಾರು ಕಣ್ಣು ಅವನ ಮೇಲೆ. ಹಾಗಾಗಿ ಉಪಾಯ ಹೂಡಿದೆ. ಮೇ ತಿಂಗಳ ಮೊದಲ ಭಾನುವಾರ ಸರಿಯಾಗಿ ಆ ಹೊತ್ತಿಗೆ ಕೆಮ್ಮು ಬರಿಸಿಕೊಂಡು ಹೊರಗೆ ಹೋದೆ. ಜೂನಿನಲ್ಲಿ ಚಪ್ಪಲಿ ಕಾಯುವ ಸೇವೆ ವಹಿಸಿಕೊಂಡೆ. ಅಲ್ಲಿ ಚಪ್ಪಲಿ ಕದಿಯುವವರು ಯಾರೂ ಇರಲಿಲ್ಲ. ಮನೆಗೆ ಬರುವಾಗ ಗಾಡಿಯಲ್ಲಿ ಸುಶೀಲಾ, "ಎಂತ ಮಾರಾಯ್ರೆ, ಮುಂದಿನ ತಿಂಗಳು ಛತ್ರಿ ಕಾಯ್ತೀರಾ?" ಎಂದು ಕೇಳಿದಳು. ನಾನು ಕಿಟಕಿಯ ಹೊರಗೆ ನೋಡಿದೆ.

ಕೊನೆಗೆ ಒಂದು ನಿರ್ಧಾರಕ್ಕೆ ಬಂದೆ: ಹೋಗಿ ಕ್ಷಮಿಸಿಬಿಡುವುದು! ಬರಿಗೈಯಲ್ಲಿ ಹೋಗಬಾರದೆಂದು ಸುಶೀಲಾಳಿಂದ ಕೇಕು ಮಾಡಿಸಿದೆ. ಅವರು ಲಿಂಗಾಯತರು, ಮೊಟ್ಟೆ ಹಾಕುವಂತಿಲ್ಲ. ಮೊಟ್ಟೆಯಿಲ್ಲದ ಕೇಕನ್ನು ಅವಳು ಅದುವರೆಗೆ ಮಾಡಿರಲಿಲ್ಲ. ಅದು ಇಟ್ಟಿಗೆಯಾಗಿ ಬಂತು. ಶನಿವಾರ ಸಂಜೆ ಆ ಇಟ್ಟಿಗೆಯನ್ನು ಕಾಗದದಲ್ಲಿ ಸುತ್ತಿಕೊಂಡು ಕಲ್ಯಾಣದಲ್ಲೇ ಇದ್ದ ಬಸವರಾಜನ ಚಾಳಿಗೆ, ಎಂದರೆ ಒಂದೊಂದೇ ಖೋಲಿಯ ಸಾಲುಮನೆಗೆ, ಹೋದೆ. ದಾರಿಯುದ್ದಕ್ಕೂ ನನಗೆ ನನ್ನ ಮೇಲೆ ಬಹಳ ಗೌರವ ಬಂದಿತ್ತು.

ಅವನ ಹೆಂಡತಿ ಗಂಗವ್ವ ನೀರು ಕೊಟ್ಟಳು. ಬಸವರಾಜ ಗೋಡೆಗೆ ಒರಗಿ ಕೂತಿದ್ದ, ಸ್ವಲ್ಪ ಇಳಿದುಹೋದಂತೆ ಕಂಡ. ತಪ್ಪಿತಸ್ಥರು ಸೊರಗುತ್ತಾರೆ ಎಂದುಕೊಂಡೆ.

"ಬಸವರಾಜ, ನೀ ಮಾಡಿದ್ದನ್ನ ನಾ ಕ್ಷಮಿಸೇನಿ" ಎಂದೆ.

"ನಾ ಏನ್ ಮಾಡೀನ್ರಿ?"

"ಅದು ನಿನಗ ಗೊತ್ತೈತಿ."

"ನನಗೇನೂ ಗೊತ್ತಿಲ್ರಿ ಅಣ್ಣ. ನೀವ ಹೇಳ್ರಿ."

"ನಿನ್ನ ಬಾಯಿಂದ ಬರ್ಲಿ ಅಂತೀನಿ."

ಅವನು ಎದ್ದು ನಿಂತ. "ಈಗ ನಾ ನಿಮ್ಮ ಕ್ಷಮಾ ತಗೊಂಡ್ನಿ ಅಂದ್ರ ತಪ್ಪ ಮಾಡೀನಿ ಅಂತ ಒಪ್ಪಿದಂಗ ಆಕ್ಕೈತಿ. ಒಲ್ಲೆ. ಕೇಕ್ ತಗೊಂಡ ಹೋಗ್ರಿ."

ಗಂಗವ್ವ ತಟ್ಟೆ ಹಿಡಿದು ನಿಂತವಳು ಹಾಗೇ ಒಳಗೆ ಹೋದಳು. ನಾನು ಕೇಕು ಹಿಡಿದು ವಾಪಸು ಬಂದೆ. ಕ್ಷಮೆಯನ್ನು ಹೀಗೆ ಬಾಗಿಲಿಂದ ಹಿಂದಕ್ಕೆ ಕಳಿಸುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ. ಆ ಕೇಕನ್ನು ನಾನು, ಸುಶೀಲಾ ಮೂರು ದಿನ ಚಹಾದಲ್ಲಿ ನೆನೆಸಿ ನೆನೆಸಿ ತಿಂದು ಮುಗಿಸಿದೆವು.

ಮರುದಿನ ಭಾನುವಾರ ಕೋಪರಿಗೆ ಹೋಗಿ ಅಯ್ಯನವರಿಗೆ ಎಲ್ಲವನ್ನೂ ಒಪ್ಪಿಸಿದೆ. ಅವರು ಲುಂಗಿ ಉಟ್ಟುಕೊಂಡು ಸ್ಟೋವಿಗೆ ಪಿನ್ನು ಚುಚ್ಚುತ್ತ ಕೇಳಿದರು. ಕೇಕಿನ ಭಾಗ ಬಂದಾಗ ನಗು ತಡೆಯಲಾಗದೆ ಮುಖ ತಿರುಗಿಸಿದರು.

"ನೀವು ಕ್ಷಮಿಸ್ಲಿಕ್ಕೆ ಹೋದದ್ದಲ್ಲ ದಾನಿಯೇಲರೇ, ಗೆಲ್ಲಲಿಕ್ಕೆ ಹೋದದ್ದು."

"ಮತ್ತ ನಾ ಏನ್ ಮಾಡ್ಲಿ ಅಯ್ಯನವರ?"

"ಅವರಿಗೋಸ್ಕರ ಪ್ರಾರ್ಥನೆ ಮಾಡಿ."

"ದಿನಾ ಮಾಡಾಕತ್ತೀನಲ್ರೀ! ದೇವ್ರ, ಅಂವಗ ಒಳ್ಳೆ ಬುದ್ಧಿ ಕೊಡು, ಅಂವನ ಬಾಯಿಂದ ಖರೇ ಹೊರಗ ಬರ್ಲಿ ಅಂತ."

"ಅದು ಪ್ರಾರ್ಥನೆ ಅಲ್ಲ, ದೂರು" ಎಂದರು ಅಯ್ಯನವರು. "ನಿಮಗೆ ಬೇಕಾದ್ದನ್ನು ಅವರ ಹೆಸರಲ್ಲಿ ಕೇಳ್ತಾ ಇದ್ದೀರಿ. ಅವರಿಗೆ ಬೇಕಾದ್ದನ್ನು ಕೇಳಿ ನೋಡುವಾ."

"ಅಂವಗ ಏನ್ ಬೇಕು ಅನ್ನೂದು ನನಗೆಂಗ ಗೊತ್ತಾಗಬೇಕ್ರಿ?"

"ಹತ್ತು ವರ್ಷದ ಸ್ನೇಹಿತ ಅಂತ ಹೇಳಿದ್ರಲ್ಲ. ಗೊತ್ತಿಲ್ವಾ?"

ಗೊತ್ತಿರಲಿಲ್ಲ. ನನಗೆ ನಾಚಿಕೆಯಾಯಿತು. ಹತ್ತು ವರ್ಷ ಪಕ್ಕದಲ್ಲಿ ಕೂತು ಉಂಡಿದ್ದೇವೆ. ಮಾತಾಡಿದ್ದೆಲ್ಲ ನಾನು, ಕೇಳಿದ್ದೆಲ್ಲ ಅವನು. ಸುಶೀಲಾ ಹೇಳುವುದರಲ್ಲಿ ಸುಳ್ಳೇನೂ ಇಲ್ಲ.

ಅಂದಿನಿಂದ ಗುಟ್ಟಾಗಿ ಅವನ ವಿಷಯ ವಿಚಾರಿಸತೊಡಗಿದೆ. ಅವನ ಚಾಳಿಯಲ್ಲೇ ಇದ್ದ ಲೋಡಿಂಗಿನವನೊಬ್ಬ, ಅಲ್ಲಿ ನಳದ ನೀರು ಬೆಳಿಗ್ಗೆ ಅರ್ಧ ತಾಸು ಮಾತ್ರ ಬರುತ್ತದೆ, ಅದಕ್ಕಾಗಿ ಗಂಗವ್ವ ದಿನಾ ಜಗಳವಾಡಬೇಕು ಎಂದು ಹೇಳಿದ. ಸರಿ, ಅದರಿಂದಲೇ ಶುರುಮಾಡಿದೆ: ದೇವರೇ, ಬಸವರಾಜನ ಚಾಳಿಗೆ ಎರಡು ಹೊತ್ತು ನೀರು ಬರಲಿ. ಬಸವರಾಜನ ಹೆಸರಿನಲ್ಲಿ ನಾನು ಹಲ್ಲು ಕಚ್ಚದೆ ಮಾಡಿದ ಮೊದಲ ಪ್ರಾರ್ಥನೆ ಅದು. ಕೆಲವು ದಿನಗಳಲ್ಲಿ ಒಂದು ವಿಚಿತ್ರ ಶುರುವಾಯಿತು. ಕಾರ್ಖಾನೆಯಲ್ಲಿ ಅವನನ್ನು ಕಂಡಾಗ ಸಿಟ್ಟು ಬರುವುದಕ್ಕೂ ಮುಂಚೆ, 'ನೀರು ಬಂತೋ ಇಲ್ಲವೋ' ಎಂದು ಕೇಳಬೇಕು ಅನ್ನಿಸುತ್ತಿತ್ತು. ಕೇಳುತ್ತಿರಲಿಲ್ಲ, ಅದು ಬೇರೆ ಮಾತು.

ಆಗಸ್ಟಿನ ಒಂದು ಸಂಜೆ ಕಲ್ಯಾಣ ಸ್ಟೇಷನ್ನಿನ ಹೊರಗೆ ತರಕಾರಿ ಬುಟ್ಟಿಗಳ ಸಾಲಿನಲ್ಲಿ ಅವನನ್ನು ಕಂಡೆ. ಅವನು ನನ್ನನ್ನು ನೋಡಿರಲಿಲ್ಲ. ಟೊಮೆಟೊ ಆರಿಸುತ್ತಿದ್ದ. ಒಂದೊಂದನ್ನೂ ಎತ್ತಿ ಹೆಬ್ಬೆರಳಿನಿಂದ ಒತ್ತಿ ನೋಡಿ ತಕ್ಕಡಿಗೆ ಹಾಕುತ್ತಿದ್ದ. ಮಾರುವ ಹೆಂಗಸು, "ಅಹೋ ಭಾವೂ, ಹಿರವೇ ಕಶಾಲಾ ಘೇತಾ?" ಎಂದಳು, ಹಸಿರು ಕಾಯಿ ಯಾಕೆ ತೆಗೆದುಕೊಳ್ಳುತ್ತೀರಿ ಎಂದು. ಅವನು ಗಾಬರಿಯಾಗಿ, "ಚಟ್ನೀಲಾ, ಚಟ್ನೀಲಾ" ಎಂದ. ತಕ್ಕಡಿಯಲ್ಲಿ ಅರ್ಧ ಕೆಂಪು, ಅರ್ಧ ಹಸಿರು. ನೆಲಕ್ಕೆ ಚೆಲ್ಲಿದ ಪುಡಿಯಲ್ಲಿ ಎಳ್ಳಷ್ಟು ಮಬ್ಬನ್ನು ಹಿಡಿದ ಮನುಷ್ಯ ಅಲ್ಲಿ ಹಣ್ಣನ್ನು ಬೆರಳಿನಿಂದ ಹುಡುಕುತ್ತಿದ್ದ. ಹತ್ತಿರ ಹೋಗದೆ ಮನೆಗೆ ಓಡಿದೆ.

ಸುಶೀಲಾ ಕಲ್ಯಾಣದ ಒಂದು ಆಸ್ಪತ್ರೆಯಲ್ಲಿ ನರ್ಸು. ನಾನು ಹೇಳಿ ಮುಗಿಸುವ ಮೊದಲೇ ಕೇಳಿದಳು: "ಅವರು ಟಿಬಿ ಮಾತ್ರೆ ತಗೊಳ್ತಾರಾ?"

"ಟಿಬಿ? ನನಗೇನ್ ಗೊತ್ತು?"

"ಆ ಮಾತ್ರೆಗಳಲ್ಲಿ ಒಂದು ಕೆಲವರ ಕಣ್ಣಿಗೆ ಹೊಡೀತದೆ. ಮೊದಲು ಕೆಂಪು ಹಸಿರಿನ ಗುರುತು ಹೋಗ್ತದೆ. ಬೇಗ ನಿಲ್ಲಿಸಿದ್ರೆ ವಾಪಸ್ ಬರ್ತದೆ. ತಡ ಮಾಡಿದ್ರೆ ಕಣ್ಣೇ ಹೋಗ್ಬಹುದು. ಇನ್ನೊಂದು ಮಾತ್ರೆ ಉಂಟು, ಅದಕ್ಕೆ ಬೆವರು, ಮೂತ್ರ ಎಲ್ಲ ಕಿತ್ತಳೆ ಬಣ್ಣ ಆಗ್ತದೆ. ನೀವು ನೋಡಿಲ್ವಾ?"

ನೋಡಿದ್ದೆ. ಆ ಮಾರ್ಚಿನಲ್ಲಿ ಅವನ ಕರ್ಚೀಫು ಕಿತ್ತಳೆಯಾಗಿತ್ತು. ಬಣ್ಣದ ಕಾರ್ಖಾನೆಯಲ್ಲಿ ಯಾರ ಕರ್ಚೀಫು ಯಾವ ಬಣ್ಣವೆಂದು ಯಾರು ಕೇಳುತ್ತಾರೆ? ಆದರೆ ನಾನು ಕೇಳಬೇಕಿತ್ತು, ಯಾಕೆಂದರೆ ಆ ತಿಂಗಳೆಲ್ಲ ನಾವು ಮಾಡುತ್ತಿದ್ದುದು ಬರೀ ನೀಲಿ. ಶೇಡ್ ನೋಡುವವನೆಂದು ಸಂಬಳ ತೆಗೆದುಕೊಳ್ಳುವವನಿಗೆ ಪಕ್ಕದವನ ಬೆವರಿನ ಶೇಡ್ ಕಾಣಲಿಲ್ಲ. ಕೆಮ್ಮುತ್ತಿದ್ದ, "ಪುಡಿ ಧೂಳು" ಎನ್ನುತ್ತಿದ್ದ, ನಾನೂ ಹೌದು ಎನ್ನುತ್ತಿದ್ದೆ.

ನಿಂತ ಕಾಲಲ್ಲೇ ಅವನ ಮನೆಗೆ ಹೋದೆ. ಈ ಸಲ ಕೇಕು ಇರಲಿಲ್ಲ. ನನ್ನನ್ನು ಕಂಡು ಅವನ ಮುಖ ಗಂಟಾಯಿತು.

"ಕ್ಷಮಿಸಾಕ ಬಂದಿಲ್ಲೋ ಮಾರಾಯ" ಎಂದೆ. "ನಾಳೆ ಮುಂಜಾನೆ ಠಾಣೆಗೆ ಕಣ್ಣಿನ ಡಾಕ್ಟರ್ ಹತ್ರ ಹೋಗೂಣು. ಮಾತ್ರೆ ಎಲ್ಲಾ ಕಟಗೊಂಡ ಬಾ."

"ಯಾವ ಮಾತ್ರೆ?" ಎಂದ ಬಸವರಾಜ. ಒಳಗಿನಿಂದ ಗಂಗವ್ವ, "ಸಾಕ ಮಾಡ್ರಿ ಇನ್ನ, ಹೇಳ್ರಿ ಅವರಿಗೆ!" ಎಂದು ಅಳತೊಡಗಿದಳು. ಅವನು ನೆಲದ ಮೇಲೆ ಕೂತ.

"ಟಿಬಿ ಅಂದ್ರ ಖೋಲಿ ಬಿಡಸ್ತಾರ್ರಿ ಅಣ್ಣ. ಅದಕ್ಕ ಯಾರ ಮುಂದೂ ಬಾಯಿ ಬಿಡಲಿಲ್ಲ. ಮುಂದ ಕಣ್ಣಿಗೆ ಬಣ್ಣದ ಗುರುತ ಹತ್ತಲಿಲ್ಲ. ಕಣ್ಣ ಹ್ವಾದ್ವು ಅಂತ ಗೊತ್ತಾದ್ರ ಲ್ಯಾಬಿನಾಗ ಯಾರ ಇಟಗೋತಾರ್ರಿ?"

ಎಲ್ಲವನ್ನೂ ಹೇಳಿದ. 'ಡಿ' ವಿಷಯ ಒಂದನ್ನು ಬಿಟ್ಟು. ನಾನೂ ಕೇಳಲಿಲ್ಲ. ಕೇಳಬೇಕೆಂದು ನಾಲಿಗೆಯ ತುದಿಯವರೆಗೆ ಬಂದಿತ್ತು, ಇಲ್ಲವೆನ್ನುವುದಿಲ್ಲ. ಮರುದಿನ ಠಾಣೆಯ ಡಾಕ್ಟರು ಕಣ್ಣಿಗೆ ದೀಪ ಬಿಟ್ಟು ನೋಡಿ ಸುಶೀಲಾ ಹೇಳಿದ್ದನ್ನೇ ಹೇಳಿದರು. ಟಿಬಿಯ ಡಾಕ್ಟರು ಆ ಒಂದು ಮಾತ್ರೆ ನಿಲ್ಲಿಸಿ ಬೇರೆ ಔಷಧ ಬರೆದರು. ಕಣ್ಣು ಮರಳುವುದಾದರೆ ಮೆಲ್ಲಗೆ ಮರಳಬೇಕು, ತಿಂಗಳುಗಟ್ಟಲೆ ಹಿಡಿಯಬಹುದು ಎಂದರು. ಬಸವರಾಜ ಲೇಲೆ ಸಾಹೇಬರಿಗೆ ಅನಾರೋಗ್ಯವೆಂದಷ್ಟೇ ಹೇಳಿ ರಜೆ ಹಾಕಿ ಊರಿಗೆ ಹೊರಟ. ಸ್ಟೇಷನ್ನಿನಲ್ಲಿ ನನ್ನ ಕೈಯನ್ನು ಬಹಳ ಹೊತ್ತು ಹಿಡಿದುಕೊಂಡಿದ್ದ. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಕಾದೆ. ಗಾಡಿ ಹೊರಟಿತು.

ಆ ವಾರವೆಲ್ಲ ನನ್ನೊಳಗೆ ನಾನೇ ಜಗಳವಾಡಿದೆ. ಇಷ್ಟು ಮಾಡಿದ ಮೇಲೂ ಒಂದು ಮಾತು ಹೇಳಲಿಲ್ಲವಲ್ಲ! ಸೆಪ್ಟೆಂಬರಿನ ಮೊದಲ ಭಾನುವಾರ ಅಯ್ಯನವರು ರೊಟ್ಟಿ ಮುರಿದು, ಬನ್ನಿರಿ ಎಂದರು. ನನಗೆ ಆಗ ಒಂದು ಮಾತು ಹೊಳೆಯಿತು. ಆ ಭೋಜನವನ್ನು ಮೊದಲು ಬಡಿಸಿದ ಕರ್ತನ ಸುತ್ತ ಕೂತಿದ್ದ ಶಿಷ್ಯರಲ್ಲಿ ಒಬ್ಬನು ಆತನನ್ನು ವೈರಿಗಳಿಗೆ ಹಿಡಿದುಕೊಟ್ಟ, ಒಬ್ಬನು ಆತನು ಗೊತ್ತೇ ಇಲ್ಲವೆಂದ, ಉಳಿದವರು ಓಡಿಹೋದರು. ಅದು ಆತನಿಗೆ ಬಡಿಸುವ ಮೊದಲೇ ತಿಳಿದಿತ್ತು, ಆದರೂ ಬಡಿಸಿದ. ನಾನು ಮಾತ್ರ ಬಸವರಾಜನಿಂದ ತಪ್ಪೊಪ್ಪಿಗೆ ಬಂದ ಮೇಲೆಯೇ ಎಲೆ ಹಾಕುವೆನೆಂದು ಕೂತಿದ್ದೆ. ಒಳಗೆ ತಡವಿ ನೋಡಿಕೊಂಡೆ. ನೋವು ಇತ್ತು. ಆದರೆ ಅವನ ಕಣ್ಣು ಬರಲಿ ಎಂಬ ಆಸೆ ಆ ನೋವಿಗಿಂತ ದೊಡ್ಡದಾಗಿತ್ತು. ಎದ್ದೆ. ಹಿಂದಿನ ಸಾಲಿನಲ್ಲಿ ಯಾರದೋ ಹಾಡಿನ ಪುಸ್ತಕ ಕೈಜಾರಿ ಬಿತ್ತು; ನಾಲ್ಕು ತಿಂಗಳಿಂದ ನನ್ನನ್ನು ಲೆಕ್ಕ ಇಟ್ಟು ನೋಡುತ್ತಿದ್ದವರು. ಸುಶೀಲಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ರೊಟ್ಟಿಯ ಚೂರಿಗೆ ನನ್ನ ಬೆರಳಿನ ಗುಲಾಬಿ ಹತ್ತಿತು, ಹಾಗೇ ತಿಂದೆ. ಅಷ್ಟು ಸಂತೋಷವಾಗಿ ನಾನು ಎಂದೂ ಉಂಡಿಲ್ಲ.

ಆ ದಸರೆಗೆ ನಮ್ಮಲ್ಲಿ ಬಣ್ಣ ಅಳೆಯುವ ಕಂಪ್ಯೂಟರ್ ಯಂತ್ರ ಬಂತು. ಬಣ್ಣ ನೋಡಿ ನೋಡಿ ಸಾಕಾಗಿದ್ದ ಲೇಲೆ ಸಾಹೇಬರು ಹಟ ಹಿಡಿದು ತರಿಸಿದ್ದರು. ಯಂತ್ರದ ಎದೆಯಲ್ಲಿ ಒಂದು ಗುಂಡು ತೂತು. ಬಟ್ಟೆ ಅಲ್ಲಿಟ್ಟರೆ ಅದು ನೋಡಿ ನಂಬರು ಹೇಳಬೇಕು. ಆಯುಧ ಪೂಜೆಯನ್ನು ಭರ್ಜರಿಯಾಗಿ ಮಾಡಿದರು, ತೆಂಗಿನಕಾಯಿ ಹಿಡಿದು ನಿಲ್ಲಲು ಗೋದಾಮಿನಿಂದ ನನ್ನನ್ನೂ ಕರೆದರು. ಮರುದಿನದಿಂದ ಯಂತ್ರ ಒಂದೇ ರಾಗ ಹಿಡಿಯಿತು: ಎಲ್ಲ ಲಾಟೂ ಫೇಲ್, ಎಲ್ಲದರಲ್ಲೂ ಕೆಂಪು ಜಾಸ್ತಿ. ಮೂರು ದಿನ ಒಂದು ಡ್ರಮ್ಮೂ ಹೊರಗೆ ಹೋಗಲಿಲ್ಲ. ನಾಲ್ಕನೆಯ ದಿನ ಸಾಹೇಬರು ಗೋದಾಮಿನ ಬಾಗಿಲಿಗೆ ಬಂದು, "ಡ್ಯಾನಿಯಲ್, ಜರಾ ಬಘ" ಎಂದರು, ಸ್ವಲ್ಪ ನೋಡು ಎಂದು. ನಾನು ತುಂಡುಗಳನ್ನು ಉತ್ತರದ ಕಿಟಕಿಗೆ ಒಯ್ದು ನೋಡಿದೆ, ಎಲ್ಲ ಸರಿಯಾಗಿವೆ. ಯಂತ್ರದ ತೂತಿನೊಳಗೆ ಇಣುಕಿದರೆ, ಒಳಗಿನ ಗಾಜಿನ ಮೇಲೆ ಆರಾಮಾಗಿ ಕೂತಿದೆ ಪೂಜೆಯ ಕುಂಕುಮ! ಅದನ್ನು ಒರೆಸಿದೆ. ಸಾಹೇಬರು ನನ್ನ ಮೊಣಕೈ ಹಿಡಿದರು, ಆದರೆ ಈ ಸಲ ಹಿಡಿದದ್ದು ಬೇರೆ ರೀತಿ. ಅಂದೇ ನಾನು ಲ್ಯಾಬಿಗೆ ಮರಳಿದೆ. ಈ ಕಾಲದ ಮಕ್ಕಳು ಯಂತ್ರವನ್ನು ನಂಬಲಿ, ಬೇಡವೆನ್ನುವುದಿಲ್ಲ. ದಿನಕ್ಕೊಮ್ಮೆ ಅದರ ಕಣ್ಣನ್ನು ಒರೆಸಲಿ.

ಬಸವರಾಜ ಕ್ರಿಸ್‌ಮಸ್ಸಿಗೆ ಮುಂಚೆ ಊರಿನಿಂದ ಬಂದ. ಮೈ ತುಂಬಿಕೊಂಡಿದ್ದ, ಕೆಮ್ಮು ನಿಂತಿತ್ತು. ಕಣ್ಣಿನ ವಿಷಯ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅದ್ದುವ ಕೆಲಸ ಅವನದು, ನೋಡುವ ಕೆಲಸ ನನ್ನದು. ಮಧ್ಯಾಹ್ನ ಮತ್ತೆ ಪಕ್ಕದಲ್ಲಿ ಕೂರತೊಡಗಿದ. ಈಗ ಮಾತಾಡುವ ಪಾಳಿಯನ್ನು ಅವನಿಗೂ ಬಿಟ್ಟುಕೊಡಲು ನಾನು ಕಲಿಯುತ್ತಿದ್ದೆ. ಬಹಳ ಕಷ್ಟದ ಕೆಲಸ ಅದು.

ಜನವರಿಯ ಒಂದು ಮುಂಜಾನೆ, ಬಿಸಿಲು ಸ್ವಚ್ಛವಾಗಿತ್ತು. ಮರೂನ್ ಲಾಟ್ ಬಂದಿತ್ತು. ಎರಡು ತುಂಡು ಕಿಟಕಿಯಲ್ಲಿಟ್ಟು ನಾನು ನೋಡುವಷ್ಟರಲ್ಲಿ ಅವನು ಕೈ ಒರೆಸಿಕೊಂಡು ಬಂದು ಪಕ್ಕದಲ್ಲಿ ನಿಂತ. ಬಹಳ ಹೊತ್ತು ನೋಡಿದ. ಒಂದನ್ನು ಎತ್ತಿ ತಿರುಗಿಸಿ ಮತ್ತೆ ಇಟ್ಟ.

"ಬ್ಯಾರೆ ಅದಾವ್ರಿ ಅಣ್ಣ" ಎಂದ. "ಈ ಕಡೀದ್ರಾಗ ಕೆಂಪ ಕಮ್ಮಿ ಐತಿ."

ನಾನು ನೋಡಿದೆ. ಇತ್ತು, ಎಳ್ಳಷ್ಟು. ನನಗಿಂತ ಮೊದಲು ಅವನಿಗೆ ಕಂಡಿತ್ತು. ದೇವರಿಗೆ ಸ್ತೋತ್ರ ಎಂದು ಗಟ್ಟಿಯಾಗಿ ಹೇಳಿಬಿಟ್ಟೆ.

"ಅವತ್ತೂ ಬ್ಯಾರೇನ ಇದ್ವು" ಎಂದ ಬಸವರಾಜ. "ಲಾರಿ ಬಂದ ನಿಂತಿತ್ತು. ನನಗ ಎರಡೂ ಒಂದ ಕಂಡ್ವು. ಗುರುವಾರದ ತಾರೀಖ ಹಾಕಿ ನಿಮ್ಮ ಅಕ್ಷರ ಹೊಡದ್ನಿ. ಸಾಹೇಬ್ರ ಕೇಳಿದಾಗ ಹೆದರಿಕಿ ಆತ್ರಿ."

ಈ ಗಳಿಗೆಗಾಗಿ ನಾನು ತಿಂಗಳುಗಟ್ಟಲೆ ಒಂದು ಒಳ್ಳೆಯ ಮಾತು ಸಿದ್ಧಮಾಡಿ ಇಟ್ಟುಕೊಂಡಿದ್ದೆ. ಒಂದಕ್ಷರವೂ ಬಾಯಿಗೆ ಬರಲಿಲ್ಲ. "ಬಿಡೋ, ಹೋಗ್ಲಿ. ನಾ ಯಾವಾಗೋ ಬಿಟ್ಟೀನಿ" ಎಂದೆ.

"ನೀವು ಬಿಟ್ಟೀರಿ ಖರೇ. ಅದು ನನ್ನ ಬಿಟ್ಟಿಲ್ರಿ ಅಣ್ಣ."

ಕಪಾಟಿನಿಂದ ಹೋದ ವರ್ಷದ ರಿಜಿಸ್ಟರು ಇಳಿಸಿ ಹಾಳೆ ತಿರುವಿದ. ಏಪ್ರಿಲಿನ ಆ ಹಾಳೆ ಸಿಕ್ಕಿದಾಗ ನಡುವೆ ಬೆರಳಿಟ್ಟು ಕಂಕುಳಲ್ಲಿ ಹಿಡಿದುಕೊಂಡು ಲೇಲೆ ಸಾಹೇಬರ ಕ್ಯಾಬಿನ್ನಿಗೆ ನಡೆದ. ನಾನು ತಡೆಯಲು ಕೈಯೆತ್ತಿದೆ, ಅವನು ತಿರುಗಿ ನೋಡಲಿಲ್ಲ, ಬಾಗಿಲು ಹಾಕಿಕೊಂಡ. ಅವನಿಗೆ ಏನು ಬೇಕೆಂದು ಆ ದಿನ ನಾನು ಯಾರನ್ನೂ ವಿಚಾರಿಸಬೇಕಾಗಿರಲಿಲ್ಲ. ಕಿಟಕಿಯ ಬಳಿ ನಿಂತು, ಇವನ ಕೆಲಸ ಉಳಿಸು ತಂದೆಯೇ ಎಂದು ಕೇಳಿಕೊಂಡೆ.

ಕೆಲಸ ಉಳಿಯಿತು. ಒಂದು ತಿಂಗಳು ಗೋದಾಮಿನಲ್ಲಿ ಡ್ರಮ್ಮಿಗೆ ಹೆಸರು ಬಳಿಯಬೇಕು ಎಂದು ಸಾಹೇಬರು ಶಿಕ್ಷೆ ಹಾಕಿದರು. ಮೊದಲನೆಯ ದಿನ ಮಧ್ಯಾಹ್ನ ನನ್ನ ಡಬ್ಬಿ ಹಿಡಿದು ಗೋದಾಮಿಗೆ ಹೋದೆ. ಗಾಳಿ ನೋಡಿಕೊಂಡು ಅವನ ಪಕ್ಕದಲ್ಲಿ ಕೂತೆ, ಉಂಡು ಕೈ ತೊಳೆದು ಇನ್ನೊಂದು ಕುಂಚ ತೆಗೆದುಕೊಂಡೆ.